ಸಿ.ಡಿ.ಯೊಂದರಲ್ಲಿ ಅರ್ಧ ಕೊರಿಯಾ

ನಿಮ್ಮ ಸಿಮ್ ಕಾರ್ಡಿನೊಳಗೆ ಒಂದು ಸಂಖ್ಯೆ ಇದೆ. ಊರಿಗೆಲ್ಲ ಹಂಚಿರುವ ಹತ್ತಂಕಿಯ ಮೊಬೈಲ್ ನಂಬರ್ ಬೇರೆ, ಇದು ಬೇರೆ. ಸಿಮ್ ತಯಾರಾಗುವಾಗಲೇ ಇದನ್ನು ಚಿಪ್ಪಿನೊಳಗೆ ಕೂರಿಸಿ ಕಳಿಸುತ್ತಾರೆ. ಆಮೇಲೆ ಅದನ್ನು ಹೊರಗೆ ತೆಗೆದು ಓದುವ ದಾರಿಯನ್ನು ಯಾರಿಗೂ ಇಟ್ಟಿಲ್ಲ; ನಿಮ್ಮ ಫೋನಿಗೂ ಅದು ಕಾಣಿಸದು. 128 ಬಿಟ್‌ಗಳ ಈ ಗುಟ್ಟನ್ನು ನಮ್ಮ ಅಂಕಿಗಳಲ್ಲಿ ಬರೆಯಲು ಹೋದರೆ 39 ಸ್ಥಾನಗಳು ಬೇಕಾಗಬಹುದು. ಅಂಥ ಸಂಖ್ಯೆಗಳು ಒಟ್ಟು ಎಷ್ಟು ಇರಲು ಸಾಧ್ಯ? 3,400 ಎಂದು ಹೇಳಿ, ಉಸಿರು ಬಿಡದೆ ‘ಕೋಟಿ’ ಎಂದು ಐದು ಸಲ ಹೇಳಬೇಕು. 3,400 ಕೋಟಿ ಕೋಟಿ ಕೋಟಿ ಕೋಟಿ ಕೋಟಿ. ಕಳ್ಳನೊಬ್ಬ ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಕುಳಿತನೆಂದುಕೊಳ್ಳಿ. ಎಲ್ಲವನ್ನೂ ನೋಡಿ ಮುಗಿಸುವುದಕ್ಕೆ, ವಿಶ್ವ ಹುಟ್ಟಿ ಇಲ್ಲಿಯವರೆಗೆ ಕಳೆದಿರುವ 1,380 ಕೋಟಿ ವರ್ಷಗಳ ಸುಮಾರು 78 ಕೋಟಿ ಪಟ್ಟು ಕಾಲ ಹಿಡಿಯುತ್ತದೆ.

ಮೊಬೈಲ್ ಕಂಪನಿಗೆ ನಿಮ್ಮ ಗುರುತು ಹತ್ತುವುದು ಈ ಸಂಖ್ಯೆಯಿಂದಲೇ. ಫೋನ್ ಆನ್ ಮಾಡಿದಾಗ ಆ ಕಡೆಯಿಂದ 16 ಬೈಟುಗಳ ಒಂದು ಸವಾಲು ಬರುತ್ತದೆ. ಸಿಮ್ ತನ್ನ ಗುಟ್ಟನ್ನೂ ಆ ಸವಾಲನ್ನೂ ಸೇರಿಸಿ ಲೆಕ್ಕ ಮಾಡಿ ಉತ್ತರವನ್ನಷ್ಟೇ ವಾಪಸ್ ಕಳಿಸುತ್ತದೆ. ಕಂಪನಿಯೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ತಾಳೆಯಾದರೆ ನೀವು ನೀವೇ. ಗುಟ್ಟು ಮಾತ್ರ ಒಮ್ಮೆಯೂ ಗಾಳಿಗೆ ಬರುವುದಿಲ್ಲ. ಬಹಳ ಚೆಂದದ ಉಪಾಯ ಇದು, ಬೀಗ ಮಾಡಿದವರ ಜಾಣತನಕ್ಕೆ ತಲೆದೂಗಲೇಬೇಕು. ಆದರೆ ತಾಳೆ ನೋಡಬೇಕಾದರೆ ಕಂಪನಿಯ ಬಳಿಯೂ ಆ ಸಂಖ್ಯೆಯ ಒಂದು ಪ್ರತಿ ಇರಬೇಕಲ್ಲ? ಇದೆ. ಒಬ್ಬರದ್ದಲ್ಲ, ಎಲ್ಲ ಗ್ರಾಹಕರದ್ದೂ ಒಂದೇ ಕಡೆ ಇದೆ. ಟವರುಗಳು, ಅವುಗಳ ಹಿಂದಿನ ಕೇಬಲ್ಲುಗಳು ಎಲ್ಲ ಬಂದು ಕೂಡುವ ನಡುಮನೆಗೆ ಕೋರ್ ನೆಟ್‌ವರ್ಕ್ ಎನ್ನುತ್ತಾರೆ. ಯಾರು ಗ್ರಾಹಕ, ಈಗ ಯಾವ ಟವರಿನ ಕೆಳಗಿದ್ದಾನೆ, ಅವನ ಕರೆ ಎಲ್ಲಿಗೆ ಹೋಗಬೇಕು, ಎಷ್ಟು ದುಡ್ಡು ಹಿಡಿಯಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲೇ. ಗುಟ್ಟುಗಳ ಪೆಟ್ಟಿಗೆ ಇರುವುದೂ ಅಲ್ಲೇ.

2025ರ ಏಪ್ರಿಲ್ 18ರಂದು ದಕ್ಷಿಣ ಕೊರಿಯಾದ ಅತಿ ದೊಡ್ಡ ಮೊಬೈಲ್ ಕಂಪನಿ ಎಸ್‌ಕೆ ಟೆಲಿಕಾಂನ ಸಿಬ್ಬಂದಿಗೆ ಒಂದು ವಿಚಿತ್ರ ಕಂಡಿತು. ಒಳಗಿನಿಂದ ಹೊರಕ್ಕೆ ಬೇಡದಷ್ಟು ದತ್ತಾಂಶ ಹರಿದುಹೋಗಿದೆ. ಸರ್ಕಾರ ಮತ್ತು ಖಾಸಗಿ ತಜ್ಞರ ಜಂಟಿ ತಂಡ ತನಿಖೆ ನಡೆಸಿ ಜುಲೈನಲ್ಲಿ ಅಂತಿಮ ಲೆಕ್ಕ ಕೊಟ್ಟಿತು: ಹೋದದ್ದು 9.82 ಗಿಗಾಬೈಟ್. ಅದರಲ್ಲಿದ್ದದ್ದು ಸುಮಾರು 2 ಕೋಟಿ 69 ಲಕ್ಷ ಗ್ರಾಹಕ ದಾಖಲೆಗಳು. ಫೋನ್ ನಂಬರು, ಚಂದಾದಾರರ ಗುರುತಿನ ಸಂಖ್ಯೆ, ಅದರ ಜೊತೆಗೆ ನಾನು ಮೇಲೆ ಹೇಳಿದ ಆ ಗುಟ್ಟು, ಒಟ್ಟು 25 ಬಗೆಯ ಮಾಹಿತಿ. ದೇಶದ ಜನಸಂಖ್ಯೆ ಸುಮಾರು 5.17 ಕೋಟಿ. ತೊಂದರೆಗೊಳಗಾದ ಗ್ರಾಹಕರು 2.32 ಕೋಟಿ. ಹೆಚ್ಚುಕಡಿಮೆ ಅರ್ಧ ದೇಶ.

ಈ 9.82 ಗಿಗಾಬೈಟ್ ಎಂಬುದನ್ನು ಸ್ವಲ್ಪ ಕೈಯಲ್ಲಿ ಹಿಡಿದು ನೋಡಬೇಕು. ಅಂಗಡಿಯಲ್ಲಿ ಸಿಗುವ 16 ಗಿಗಾಬೈಟಿನ ಅಗ್ಗದ ಪೆನ್ ಡ್ರೈವಿನಲ್ಲಿ ಅದನ್ನು ಹಾಕಿದರೂ ಜಾಗ ಉಳಿಯುತ್ತದೆ. ದಾಖಲೆಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ 364 ಬೈಟು. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟು ಬೇಕು, ಅಂದರೆ ಒಂದು ದಾಖಲೆಯ ಪಾಲಿಗೆ ಬಂದದ್ದು ಈ ಪುಟದ ಎರಡು ಸಾಲಿನಷ್ಟು. ಬರೀ ಗುಟ್ಟುಗಳನ್ನೇ ಎಣಿಸಿದರೆ ಲೆಕ್ಕ ಇನ್ನೂ ಸಣ್ಣದಾಗುತ್ತದೆ. ಕೊರಿಯಾದ ವೈಯಕ್ತಿಕ ಮಾಹಿತಿ ರಕ್ಷಣಾ ಆಯೋಗದ ಪ್ರಕಾರ ಕಂಪನಿ ಅಂಥ 2,61,44,363 ಕೀಲಿಗಳನ್ನು ಯಾವ ಗೂಢಲಿಪಿಯ ಮುಸುಕೂ ಇಲ್ಲದೆ, ಇದ್ದದ್ದನ್ನು ಇದ್ದಂತೆ ಇಟ್ಟುಕೊಂಡಿತ್ತು. ಒಂದೊಂದಕ್ಕೆ 16 ಬೈಟಿನಂತೆ ಒಟ್ಟು ಸುಮಾರು 42 ಕೋಟಿ ಬೈಟು. ಒಂದು ಕಾಲದಲ್ಲಿ ನಾವು ಹಾಡು ತುಂಬಿಸಿಕೊಂಡು ಬರುತ್ತಿದ್ದ 700 ಮೆಗಾಬೈಟಿನ ಸಿ.ಡಿ.ಯಲ್ಲಿ ಅವಷ್ಟೂ ಕೂತು, ಒಂದೆರಡು ಸಿನಿಮಾದ ಹಾಡುಗಳಿಗೂ ಎಡೆಯಿರುತ್ತದೆ. ವಿಶ್ವದ ವಯಸ್ಸಿನ 78 ಕೋಟಿ ಪಟ್ಟು ಕಾಲ ಕುಟ್ಟಿದರೂ ಒಡೆಯದ ಬೀಗ, ಅದರ ಎರಡೂವರೆ ಕೋಟಿಗೂ ಮಿಕ್ಕಿದ ಕೀಲಿಗಳು ಅಂಗೈಯಗಲದ ಒಂದು ಬಿಲ್ಲೆಯಲ್ಲಿ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಬೆರಗು ಹುಟ್ಟಿಸುವುದು ನೆಟ್‌ವರ್ಕಿನ ಅಗಾಧತೆಗಿಂತ ಹೆಚ್ಚಾಗಿ ಈ ಪುಟ್ಟತನ.

ಕಾಲದ ಲೆಕ್ಕ ಮಾತ್ರ ಪುಟ್ಟದಲ್ಲ. ಮೊದಲ ಕಳ್ಳ ತಂತ್ರಾಂಶ ಒಳಹೊಕ್ಕದ್ದು 2021ರ ಆಗಸ್ಟ್ 6ಕ್ಕೆ. ಅಲ್ಲಿಂದ ಸಿಕ್ಕಿಬೀಳುವ ದಿನದವರೆಗೆ 1,351 ದಿನ. ಒಳಗೆ ಕೂತಿದ್ದ 33 ಕುತಂತ್ರಾಂಶಗಳಲ್ಲಿ ಹೆಚ್ಚಿನವು ಬಿಪಿಎಫ್‌ಡೋರ್ ಎಂಬ ಜಾತಿಯವು. ಸಾಮಾನ್ಯ ಕಳ್ಳ ತಂತ್ರಾಂಶ ಹೊರಗಿನ ಯಜಮಾನನೊಡನೆ ಮಾತಾಡಲು ಒಂದು ಪೋರ್ಟ್ ತೆರೆದುಕೊಂಡು ಕೂರುತ್ತದೆ, ಕಾವಲಿನ ತಂತ್ರಾಂಶ ಅದನ್ನು ನೋಡಿ ಹಿಡಿಯುತ್ತದೆ. ಇದು ಯಾವ ಪೋರ್ಟನ್ನೂ ತೆರೆಯುವುದಿಲ್ಲ. ಲಿನಕ್ಸ್‌ನಲ್ಲಿ ಬರುವ ಪ್ಯಾಕೆಟ್ಟುಗಳನ್ನು ಸೋಸುವುದಕ್ಕೆಂದೇ ಇರುವ ಒಂದು ಸೌಲಭ್ಯವನ್ನು ಬಳಸಿಕೊಂಡು ಹೋಗುವ ಬರುವ ದಟ್ಟಣೆಯನ್ನೆಲ್ಲ ಸುಮ್ಮನೆ ನೋಡುತ್ತಿರುತ್ತದೆ. ಕೋಟ್ಯಂತರ ಪ್ಯಾಕೆಟ್ಟುಗಳ ನಡುವೆ ಗೊತ್ತುಮಾಡಿದ ಗುರುತಿನ ಒಂದೇ ಒಂದು ಪ್ಯಾಕೆಟ್ ಬಂದಾಗ ಮಾತ್ರ ಎದ್ದು ಕೆಲಸ ಶುರುಮಾಡುತ್ತದೆ. ಫೈರ್‌ವಾಲ್ ಆ ಪ್ಯಾಕೆಟ್ಟನ್ನು ತಡೆಯುವಷ್ಟರಲ್ಲಿ ಇದು ಅದನ್ನು ಓದಿಯಾಗಿರುತ್ತದೆ. ತನಿಖೆಯವರು ಕಂಪನಿಯ 42,605 ಸರ್ವರುಗಳನ್ನು ಜಾಲಾಡಿದರು. ಸೋಂಕು ತಗುಲಿದ್ದವು 28. ಸರಾಸರಿ 1,520ಕ್ಕೆ ಒಂದು.

ಅದನ್ನು ಹಿಡಿಯುವ ಅವಕಾಶವೂ ಬಂದಿತ್ತು ಎನ್ನುವುದು ವರದಿಯ ಅತ್ಯಂತ ನೋವಿನ ಭಾಗ. 2022ರ ಫೆಬ್ರವರಿಯಲ್ಲಿ ಒಂದು ಸರ್ವರ್ ಕಾರಣವಿಲ್ಲದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಯಿತು. ನೋಡಿದರೆ ಕುತಂತ್ರಾಂಶ. ಕಂಪನಿ ಅದನ್ನು ತೆಗೆದುಹಾಕಿತು, ಸರ್ಕಾರಕ್ಕೆ ತಿಳಿಸಲಿಲ್ಲ. ಗುಟ್ಟುಗಳ ಪೆಟ್ಟಿಗೆಯಿದ್ದ ಸರ್ವರಿಗೂ ಯಾರೋ ಲಾಗಿನ್ ಆಗಲು ಯತ್ನಿಸಿದ ಸುಳಿವಿತ್ತು. ಅದನ್ನು ಪರೀಕ್ಷಿಸಲು ಆರು ಲಾಗ್ ದಾಖಲೆಗಳಿದ್ದವು, ಸಿಬ್ಬಂದಿ ನೋಡಿದ್ದು ಒಂದನ್ನು. ಉಳಿದ ಐದನ್ನು ಅಂದು ಒಂದು ಮಧ್ಯಾಹ್ನ ಕೂತು ಓದಿದ್ದರೆ ಮುಂದಿನ ಮೂರು ವರ್ಷ ಬೇರೆಯಾಗುತ್ತಿತ್ತೇನೋ. ಸರ್ವರುಗಳನ್ನು ನಿಭಾಯಿಸುವ ಖಾತೆಯ ಪಾಸ್‌ವರ್ಡನ್ನು ಇನ್ನೊಂದು ಸರ್ವರಿನಲ್ಲಿ ಬರೆದಿಟ್ಟಿದ್ದರು ಎಂಬುದೂ ಆ ವರದಿಯಲ್ಲೇ ಇದೆ. ಫೈರ್‌ವಾಲ್ ದಾಖಲೆಗಳು ಉಳಿದಿದ್ದದ್ದು ಕೊನೆಯ ನಾಲ್ಕೂವರೆ ತಿಂಗಳಿನವು ಮಾತ್ರ. ಅದಕ್ಕೂ ಹಿಂದೆ ಏನು ಹೋಯಿತು, ಏನು ಉಳಿಯಿತು ಎಂದು ಹೇಳುವುದಕ್ಕೆ ತನಿಖಾ ತಂಡಕ್ಕೂ ಆಗಲಿಲ್ಲ.

ಇದರಿಂದ ಗ್ರಾಹಕರಿಗೆ ನಷ್ಟವಾದದ್ದು ದೃಢಪಟ್ಟಿಲ್ಲವೆಂದು ಕಂಪನಿ ಹೇಳಿತು. ಆದರೂ ಹೋದ ಗುಟ್ಟನ್ನು ಬದಲಿಸಲೇಬೇಕಲ್ಲ. ಪಾಸ್‌ವರ್ಡ್ ಕಳೆದರೆ ಕೂತಲ್ಲೇ ಬದಲಿಸಬಹುದು, ಈ ಗುಟ್ಟು ಇರುವುದು ಚಿಪ್ಪಿನಲ್ಲಿ. ಆದ್ದರಿಂದ ಸುಮಾರು 2.5 ಕೋಟಿ ಜನರಿಗೆ ಹೊಸ ಸಿಮ್ ಪುಕ್ಕಟೆ ಕೊಡುವುದಾಗಿ ಸಾರಿದರು. ಅಂದು ದಾಸ್ತಾನಿನಲ್ಲಿದ್ದದ್ದು 10 ಲಕ್ಷ ಸಿಮ್. ದೇಶದಲ್ಲಿ ಕಂಪನಿಯ ಮಳಿಗೆಗಳು 2,600. ಮಳಿಗೆಗೆ ಸುಮಾರು 9,600 ಗಿರಾಕಿಗಳು. ಒಬ್ಬರಿಗೆ ಐದು ನಿಮಿಷದಂತೆ ದಿನಕ್ಕೆ ಹತ್ತು ತಾಸು ಒಂದೇ ಸಮನೆ ಬದಲಿಸಿಕೊಟ್ಟರೂ ಎಂಬತ್ತು ದಿನದ ಕೆಲಸ. ಜನ ಬೆಳಗ್ಗೆಯಿಂದಲೇ ಮಳಿಗೆಗಳ ಮುಂದೆ, ವಿಮಾನ ನಿಲ್ದಾಣದ ಕೌಂಟರುಗಳ ಮುಂದೆ ಸಾಲುಗಟ್ಟಿದರು. ಆಗಸ್ಟ್‌ನಲ್ಲಿ ಆಯೋಗ ಹಾಕಿದ ದಂಡ ಸುಮಾರು 13,480 ಕೋಟಿ ವಾನ್. ಕದ್ದು ಹೋದ ಮಾಹಿತಿಗೆ ಅದನ್ನು ಹಂಚಿದರೆ ಬೈಟಿಗೆ ಸುಮಾರು 14 ವಾನ್, ನಮ್ಮ ದುಡ್ಡಿನಲ್ಲಿ ಒಂದು ರೂಪಾಯಿಗೂ ಕಡಿಮೆ.

ಒಂದು ದೇಶದ ಅರ್ಧ ಭಾಗ ಒಂದೇ ಪೆಟ್ಟಿಗೆಗೆ ಬಂದು ಸೇರಿದ್ದು ಹೇಗೆ? ಮೊದಲೆಲ್ಲ ಹೀಗಿರಲಿಲ್ಲ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. ಎ.ಸಿ. ಇಲ್ಲದೆ, ಧೂಳು ಸೆಕೆ ತಡೆದುಕೊಂಡು ನಡೆಯುವಂತೆ ನಮ್ಮ ಎಂಜಿನಿಯರುಗಳು ಮಾಡಿದ ಯಂತ್ರ. ಅದರಲ್ಲಿದ್ದ ಪೋರ್ಟುಗಳು 128. ಸಿಮ್ಮಿನ ಗುಟ್ಟಿನಲ್ಲಿರುವ ಬಿಟ್ಟುಗಳೂ 128 ಎನ್ನುವುದು ಬರೀ ಕಾಕತಾಳೀಯ, ಆದರೆ ಎರಡನ್ನೂ ಎದುರುಬದುರು ಕೂರಿಸಿ ನೋಡಲು ಅನುಕೂಲ. ಆ ಎಕ್ಸ್‌ಚೇಂಜನ್ನು ಕೆಡಿಸಬೇಕೆಂದರೆ ಕಿತ್ತೂರಿಗೇ ಬಸ್ ಹಿಡಿದು ಹೋಗಬೇಕಿತ್ತು. ಕೆಡಿಸಿದರೂ ಸುಮ್ಮನಾಗುತ್ತಿದ್ದದ್ದು ಕಿತ್ತೂರು ಮಾತ್ರ, ಪಕ್ಕದ ಊರಿನ ಫೋನ್ ತನ್ನಷ್ಟಕ್ಕೆ ರಿಂಗಣಿಸುತ್ತಿತ್ತು. ಇಂದಿನ ಕೋರ್ ಎಂದರೆ ಕೆಲವೇ ಡೇಟಾ ಸೆಂಟರುಗಳಲ್ಲಿ ಓಡುವ ತಂತ್ರಾಂಶ. ಒಂದು ಯಂತ್ರದೊಳಗೆ ಹತ್ತಾರು ಕಾಲ್ಪನಿಕ ಸರ್ವರುಗಳು, ಅವನ್ನೆಲ್ಲ ಹುಟ್ಟಿಸುವ, ಮುಗಿಸುವ, ಇನ್ನೊಂದೆಡೆಗೆ ಸಾಗಿಸುವ ಒಂದು ಮೇಲ್ವಿಚಾರಣಾ ಪರದೆ. ನೂರು ಊರುಗಳಿಗೆ ಓಡಾಡುತ್ತಿದ್ದ ಎಂಜಿನಿಯರನ ಕಾಲಿಗೆ ಅದರಿಂದ ವಿಶ್ರಾಂತಿ ಸಿಕ್ಕಿತು. ಧ್ವಂಸಕ್ಕೆ ಬಂದವನ ಕಾಲಿಗೂ ಸಿಕ್ಕಿತು.

2023ರ ಡಿಸೆಂಬರ್ 12ರ ಬೆಳಗ್ಗೆ ಉಕ್ರೇನಿನಲ್ಲಿ ಆದದ್ದು ಅದೇ. ಕೀವ್‌ಸ್ಟಾರ್ ಆ ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ. ಗ್ರಾಹಕರು 2.4 ಕೋಟಿ, ದೇಶದ ಅರ್ಧಕ್ಕಿಂತ ಹೆಚ್ಚು. ಅವರೆಲ್ಲರ ಫೋನುಗಳಿಂದ ಅಂದು ಸಿಗ್ನಲ್ ಮಾಯವಾಯಿತು. ಉಕ್ರೇನಿನ ಭದ್ರತಾ ಸೇವೆಯ ಸೈಬರ್ ವಿಭಾಗದ ಮುಖ್ಯಸ್ಥರಾಗಿದ್ದ ಇಲ್ಯಾ ವಿತ್ಯುಕ್ ಆಮೇಲೆ ರಾಯಿಟರ್ಸ್‌ಗೆ ಹೇಳಿದಂತೆ, ಸಾವಿರಾರು ಕಾಲ್ಪನಿಕ ಸರ್ವರುಗಳು ಮತ್ತು ಕಂಪ್ಯೂಟರುಗಳು ಅಳಿಸಿಹೋಗಿದ್ದವು. ಟೆಲಿಕಾಂ ಕಂಪನಿಯೊಂದರ ಕೋರ್ ಪೂರ್ತಿ ನಾಶವಾದ ಬಹುಶಃ ಮೊದಲ ನಿದರ್ಶನ ಇದು ಎಂಬುದು ಅವರ ಮಾತು. ರಷ್ಯಾದ ಸೇನಾ ಬೇಹುಗಾರಿಕೆಗೆ ಸೇರಿದ ಸ್ಯಾಂಡ್‌ವರ್ಮ್ ತಂಡದತ್ತ ಅವರು ಬೊಟ್ಟು ಮಾಡಿದರು. ಒಳಹೊಕ್ಕದ್ದು ಮೇ ತಿಂಗಳಿಗಿಂತ ತಡವಾಗಿ ಅಲ್ಲ, ಪೂರ್ಣ ಅಧಿಕಾರ ಸಿಕ್ಕಿದ್ದು ಪ್ರಾಯಶಃ ನವೆಂಬರಿನಲ್ಲಿ. ಏಳು ತಿಂಗಳ ತಯಾರಿ, ಒಂದು ಬೆಳಗಿನ ಕೆಲಸ.

ಕೋರ್ ಹೋದಾಗ ಮಾತಿನ ಜೊತೆಗೆ ಏನೇನು ಹೋಗುತ್ತದೆ ಎಂಬುದು ಆ ದಿನ ತಿಳಿಯಿತು. ಕೀವ್ ಪ್ರಾಂತ್ಯದ 75ಕ್ಕೂ ಹೆಚ್ಚು ಊರುಗಳಲ್ಲಿ ವಾಯುದಾಳಿ ಎಚ್ಚರಿಸುವ ವ್ಯವಸ್ಥೆ ಕೈಕೊಟ್ಟಿತು. ನೆನಪಿರಲಿ, ಆಕಾಶದಿಂದ ಕ್ಷಿಪಣಿ ಬೀಳುತ್ತಿದ್ದ ದಿನಗಳವು. ಅಂಗಡಿಗಳ ಕಾರ್ಡ್ ಯಂತ್ರಗಳು ನಿಂತವು. ಲ್ವಿವ್ ನಗರದಲ್ಲಿ ಬೀದಿದೀಪಗಳು ಬೆಳಕು ಹರಿದ ಮೇಲೂ ಉರಿಯುತ್ತಲೇ ಇದ್ದವು, ಏಕೆಂದರೆ ಅವನ್ನು ಆರಿಸುವ ಪೆಟ್ಟಿಗೆಗಳೊಳಗೂ ಇದ್ದದ್ದು ಇದೇ ಕಂಪನಿಯ ಸಿಮ್. ಪಾಲಿಕೆಯ ಎಲೆಕ್ಟ್ರಿಷಿಯನ್‌ಗಳು ಹೋಗಿ ಕೈಯಾರೆ ಆರಿಸಿಬಂದರು. ಸೇವೆ ಪೂರ್ತಿ ಸರಿಹೋಗಲು ಒಂದು ವಾರಕ್ಕೂ ಹೆಚ್ಚು ಬೇಕಾಯಿತು. ಗ್ರಾಹಕರಿಗೆ ಪರಿಹಾರವಾಗಿ ಬಿಟ್ಟುಕೊಟ್ಟ ಶುಲ್ಕವೇ ಸುಮಾರು 360 ಕೋಟಿ ಹ್ರಿವ್ನಿಯಾ ಎಂದು ಮಾತೃಸಂಸ್ಥೆ ಅಂದಾಜು ಕೊಟ್ಟಿತು.

ಶತ್ರುವೇ ಬೇಕೆಂದೇನಿಲ್ಲ. 2022ರ ಜುಲೈ 2ರಂದು ಜಪಾನಿನ ಕೆಡಿಡಿಐ ಕಂಪನಿ ರಾತ್ರಿ ಒಂದೂವರೆಯ ಹೊತ್ತಿನಲ್ಲಿ ಒಂದು ರೂಟರ್ ಬದಲಿಸುವ ಕೆಲಸಕ್ಕೆ ಕೈ ಹಾಕಿತು. ಒಂದು ಸೆಟ್ಟಿಂಗ್ ತಪ್ಪಿ ಸುಮಾರು 15 ನಿಮಿಷ ಧ್ವನಿ ಕರೆಗಳ ದಾರಿ ಮುಚ್ಚಿಹೋಯಿತು. ತಕ್ಷಣ ಹಳೆಯ ಸ್ಥಿತಿಗೆ ತಂದರು. ಆದರೆ ಆ 15 ನಿಮಿಷದಲ್ಲಿ ದಾರಿ ಕಾಣದ ಫೋನುಗಳೆಲ್ಲ ‘ನಾನಿಲ್ಲಿದ್ದೇನೆ, ಹಾಜರಿ ಹಾಕಿಕೊಳ್ಳಿ’ ಎಂದು ಒಟ್ಟಿಗೇ ಕೋರ್ ಮೇಲೆ ಬಿದ್ದವು. ಉತ್ತರ ಬಾರದ ಫೋನ್ ಸುಮ್ಮನಿರುವುದಿಲ್ಲ, ಮತ್ತೆ ಕೇಳುತ್ತದೆ. ಗ್ರಾಹಕರ ದಾಖಲೆಯ ಡೇಟಾಬೇಸ್‌ಗಳು ಆ ಒತ್ತಡಕ್ಕೆ ಒಂದಕ್ಕೊಂದು ತಾಳೆಯಾಗದೆ ಕೆಟ್ಟವು. 15 ನಿಮಿಷದ ತಪ್ಪು ತೊಳೆದುಹೋಗಲು 61 ಗಂಟೆ 25 ನಿಮಿಷ ಬೇಕಾಯಿತು. ಬಾಧಿತ ಸಂಪರ್ಕಗಳು ಮೊದಲ ಅಂದಾಜಿನಂತೆ 3.9 ಕೋಟಿವರೆಗೆ. ವಾರ ಕಳೆಯುವುದರೊಳಗೆ, ಜುಲೈ 8ರಂದು, ಕೆನಡಾದಲ್ಲಿ ರಾಜರ್ಸ್ ಕಂಪನಿಯ ಸರದಿ. ಒಂದು ರೂಟರಿನಿಂದ ಒಂದು ಸೋಸುಪಟ್ಟಿಯನ್ನು ತೆಗೆದದ್ದಕ್ಕೆ ಕೋರ್ ಮುಳುಗಿ 1.2 ಕೋಟಿಗೂ ಹೆಚ್ಚು ಗ್ರಾಹಕರು 26 ಗಂಟೆ ಮೂಕರಾದರು. ತಮಾಷೆಯೆಂದರೆ ರಿಪೇರಿ ಮಾಡಬೇಕಾದ ಎಂಜಿನಿಯರುಗಳ ಫೋನುಗಳೂ ಅದೇ ಕಂಪನಿಯವು. ಒಬ್ಬರನ್ನೊಬ್ಬರು ಕರೆಯಲು ಪ್ರತಿಸ್ಪರ್ಧಿ ಕಂಪನಿಗಳ ಸಿಮ್ ತರಿಸಿ ಹಂಚಬೇಕಾಯಿತು.

ಈ ಎರಡೂ ಘಟನೆಗಳನ್ನು ಹ್ಯಾಕರನೊಬ್ಬನ ಕಣ್ಣಿನಿಂದ ಓದಿ ನೋಡಿ. ಕೋರ್ ಕೆಡಿಸುವುದಕ್ಕೆ ಎಷ್ಟು ಸಣ್ಣ ತಳ್ಳು ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗಲಾರದು.

ಕೆಡಿಸುವುದು ಒರಟರ ಕೆಲಸ. ಒಳಗೆ ಕೂತು ಕೇಳಿಸಿಕೊಳ್ಳುವುದರಲ್ಲಿ ಅಥೆನ್ಸಿನ ಪ್ರಕರಣವನ್ನು ಮೀರಿಸಿದ್ದು ಇಲ್ಲ. 2004ರ ಒಲಿಂಪಿಕ್ಸ್ ಹೊತ್ತಿಗೆ ವೊಡಾಫೋನಿನ ಗ್ರೀಸ್ ಶಾಖೆಯಲ್ಲಿ ಎರಿಕ್ಸನ್ ತಯಾರಿಸಿದ ಎಎಕ್ಸ್‌ಇ ಎಕ್ಸ್‌ಚೇಂಜುಗಳಿದ್ದವು. ಅವುಗಳ ತಂತ್ರಾಂಶದೊಳಗೆ ಯಾರೋ ಸುಮಾರು 6,500 ಸಾಲುಗಳ ಕೋಡ್ ಸೇರಿಸಿದರು. ಮುದ್ರಿಸಿದರೆ ಒಂದು ಸಾಧಾರಣ ಕಾದಂಬರಿಯಷ್ಟು ದಪ್ಪವಾದೀತು. ಬರೆದ ಭಾಷೆ ಪ್ಲೆಕ್ಸ್, ಎರಿಕ್ಸನ್ ಎಂಜಿನಿಯರುಗಳನ್ನು ಬಿಟ್ಟರೆ ಬಲ್ಲವರು ವಿರಳ. ಎಕ್ಸ್‌ಚೇಂಜ್ ಓಡುತ್ತಿರುವಾಗಲೇ, ಒಂದು ಕರೆಯೂ ತುಂಡಾಗದಂತೆ, 29 ಕಡೆ ತೇಪೆ ಹಾಕಿದ್ದರು. ಆಮೇಲೆ ಪ್ರಧಾನಿ ಕೋಸ್ತಾಸ್ ಕರಮನ್ಲಿಸ್, ಅವರ ಪತ್ನಿ, ಮಂತ್ರಿಗಳು, ಅಥೆನ್ಸಿನ ಮೇಯರ್ ಸೇರಿದಂತೆ ನೂರಕ್ಕೂ ಹೆಚ್ಚು ಜನರಿಗೆ ಕರೆ ಬಂದಾಗಲೆಲ್ಲ ಅದರ ಒಂದು ಪ್ರತಿ ಹದಿನಾಲ್ಕು ಪ್ರೀಪೇಯ್ಡ್ ಫೋನುಗಳಲ್ಲಿ ಒಂದಕ್ಕೆ ಹೋಗತೊಡಗಿತು.

ಅದಕ್ಕೆ ಬೇಕಾದ ಯಂತ್ರವನ್ನು ಅವರು ಹೊಸದಾಗಿ ಕಟ್ಟಲೂ ಇಲ್ಲ. ನ್ಯಾಯಾಲಯದ ಆದೇಶ ಇದ್ದಾಗ ಪೊಲೀಸರಿಗೆ ಕರೆ ಕೇಳಿಸಲೆಂದು ಎಕ್ಸ್‌ಚೇಂಜಿನಲ್ಲೇ ಕದ್ದಾಲಿಕೆಯ ಭಾಗವೊಂದು ಇರುತ್ತದೆ. ಗ್ರೀಸ್ ಶಾಖೆಗೆ ಆ ಭಾಗ ತಂತ್ರಾಂಶದ ಜೊತೆಗೆ ಬಂದಿತ್ತು, ಅದನ್ನು ಯಾರು ಯಾವಾಗ ಬಳಸಿದರು ಎಂದು ದಾಖಲಿಸುವ ಭಾಗವನ್ನು ಮಾತ್ರ ಇನ್ನೂ ಅಳವಡಿಸಿರಲಿಲ್ಲ. ಕಣ್ಣಿಲ್ಲದ ಕಿವಿ ಖಾಲಿ ಕೂತಿತ್ತು. ಕಳ್ಳ ಕೋಡ್ ಮಾಡಿದ್ದು ಆ ಕಿವಿಯನ್ನು ತಿರುವಿದ್ದಷ್ಟೇ. ಇನ್ನು ಒಡೆಯರು ಮತ್ತೆ ಒಳಬರುವ ದಾರಿ ಹೇಗಿತ್ತು ಗೊತ್ತೆ? ಎಕ್ಸ್‌ಚೇಂಜಿಗೆ ಯಾವುದೋ ಮಾಮೂಲು ಆಜ್ಞೆ ಬರೆದು ಕೊನೆಯಲ್ಲಿ ಆರು ಸಲ ಸ್ಪೇಸ್ ಒತ್ತಬೇಕು. ಆರು ಖಾಲಿ ಜಾಗಗಳು. ಒತ್ತಿದೊಡನೆ ಲಾಗ್ ನಿಲ್ಲುತ್ತಿತ್ತು, ಅಲಾರಂ ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಪರದೆಯನ್ನು ಹತ್ತು ಸಲ ನೋಡಿದರೂ ಯಾರ ಕಣ್ಣಿಗೂ ಬೀಳದ ಆರು ಅಕ್ಷರಗಳು ಅವು. ಕೆಟ್ಟ ಕೆಲಸವನ್ನು ಮೆಚ್ಚಬಾರದು, ಆದರೂ ಕುಸುರಿ ಅಂದರೆ ಇದು.

2005ರ ಜನವರಿಯಲ್ಲಿ ಇನ್ನೊಂದು ಕಂಪನಿಯ ಗ್ರಾಹಕರ ಮೆಸೇಜುಗಳು ತಲುಪುತ್ತಿಲ್ಲವೆಂಬ ದೂರು ಬಂತು. ಕಳ್ಳರು ತಮ್ಮ ಕೋಡನ್ನು ಪರಿಷ್ಕರಿಸಲು ಹೋಗಿ ಏನೋ ಎಡವಿದ್ದರು. ಎರಿಕ್ಸನ್ ವಾರಗಟ್ಟಲೆ ಕೆದಕಿ ಮಾರ್ಚ್ ಆರಂಭದಲ್ಲಿ ಆ ಕೋಡನ್ನು ಹೊರಗೆಳೆಯಿತು. ವೊಡಾಫೋನಿನ ಮುಖ್ಯಸ್ಥರು ಕೂಡಲೇ ತೆಗೆಸಿಹಾಕಿದರು, ಅದರಿಂದ ಆ ಹದಿನಾಲ್ಕು ಫೋನುಗಳು ಎಚ್ಚೆತ್ತು ಕಣ್ಮರೆಯಾದವು. ಮರುದಿನ, ಮಾರ್ಚ್ 9ರಂದು, ನೆಟ್‌ವರ್ಕ್ ಯೋಜನೆಯ ವ್ಯವಸ್ಥಾಪಕ ಕೋಸ್ತಾಸ್ ತ್ಸಾಲಿಕಿದಿಸ್ ತಮ್ಮ ಮನೆಯಲ್ಲಿ ನೇಣುಹಾಕಿದ ಸ್ಥಿತಿಯಲ್ಲಿ ಸಿಕ್ಕರು. 38 ವರ್ಷ. ಆ ಸಾವಿನ ತನಿಖೆಯನ್ನು ಗ್ರೀಸ್ ಸರಿಯಾಗಿ ನಡೆಸಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಹೇಳಿತು. ಕಂಪನಿಗೆ ಬಿದ್ದ ದಂಡ 7.6 ಕೋಟಿ ಯೂರೊ.

ಕಾನೂನಿಗಾಗಿ ಇಟ್ಟ ಕಿವಿಯನ್ನೇ ಕಳ್ಳ ಬಳಸುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಥೆನ್ಸಿನಿಂದ ಜಗತ್ತು ಕಲಿತಿರಬೇಕು ಎಂದುಕೊಂಡವರಿಗೆ 2024 ಉತ್ತರ ಕೊಟ್ಟಿತು. ಅಮೆರಿಕದಲ್ಲಿ 1994ರ ಕಾಯ್ದೆಯೊಂದರಂತೆ ಎಲ್ಲ ಟೆಲಿಕಾಂ ಕಂಪನಿಗಳೂ ಅಂಥ ಕಿವಿಯನ್ನು ಇಟ್ಟಿರಲೇಬೇಕು. ಚೀನಾ ಸರ್ಕಾರಕ್ಕೆ ಸೇರಿದ್ದೆಂದು ಅಮೆರಿಕ ಹೇಳುವ, ಸಾಲ್ಟ್ ಟೈಫೂನ್ ಎಂದು ಹೆಸರಿಟ್ಟಿರುವ ತಂಡ ಎಟಿ&ಟಿ, ವೆರಿಝಾನ್ ಮುಂತಾದ ಒಂಬತ್ತು ಕಂಪನಿಗಳೊಳಗೆ ನುಗ್ಗಿತ್ತು; ಕದ್ದಾಲಿಕೆಯ ವ್ಯವಸ್ಥೆಗಳಿಗೂ ಕೈ ಹಾಕಿತ್ತು. ಮಾತನ್ನೇ ಕೇಳಿಸಿಕೊಂಡದ್ದು ನೂರರ ಆಸುಪಾಸಿನ ಆಯ್ದ ಜನರದು, ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಎಂಬ ದಾಖಲೆ ಕದ್ದದ್ದು ಹತ್ತು ಲಕ್ಷಕ್ಕೂ ಹೆಚ್ಚು ಜನರದು, ಬಹುಪಾಲು ವಾಷಿಂಗ್ಟನ್ ಸುತ್ತಮುತ್ತಲಿನವರು. 2025ರ ಆಗಸ್ಟ್ ಹೊತ್ತಿಗೆ ಎಫ್‌ಬಿಐ ಕೊಟ್ಟ ಲೆಕ್ಕದಲ್ಲಿ ಬಲಿಯಾದ ದೇಶಗಳು 80. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಗ ಶ್ವೇತಭವನದ ಅಧಿಕಾರಿಯಾಗಿದ್ದ ಆನ್ ನ್ಯೂಬರ್ಗರ್ ಪತ್ರಕರ್ತರಿಗೆ ಹೇಳಿದ ಒಂದು ಅಂಕಿ. ಒಂದು ಕಂಪನಿಯಲ್ಲಿ ಒಂದೇ ಒಂದು ಅಡ್ಮಿನಿಸ್ಟ್ರೇಟರ್ ಖಾತೆಗೆ ಒಂದು ಲಕ್ಷಕ್ಕೂ ಹೆಚ್ಚು ರೂಟರುಗಳ ಮೇಲೆ ಅಧಿಕಾರವಿತ್ತು. ಒಬ್ಬ ನೌಕರನ ಲಾಗಿನ್, ಲಕ್ಷ ಬಾಗಿಲು.

ಬಾಗಿಲು ಒಡೆಯದೆಯೂ ಕೆಲಸವಾಗುತ್ತದೆ. ಮೊಬೈಲ್ ಕಂಪನಿಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಎಸ್‌ಎಸ್7 ಎಂಬ ಭಾಷೆ ಎಪ್ಪತ್ತರ ದಶಕದ್ದು. ಅಂದು ಫೋನ್ ಕಂಪನಿಗಳೆಂದರೆ ಬೆರಳೆಣಿಕೆಯಷ್ಟು, ಬಹುತೇಕ ಸರ್ಕಾರದವು, ಪರಸ್ಪರ ನಂಬಿಕೆಯವು. ‘ಈ ಗ್ರಾಹಕ ಈಗ ನಮ್ಮಲ್ಲಿದ್ದಾನೆ, ಅವನ ಮೆಸೇಜುಗಳನ್ನು ಇತ್ತ ಕಳಿಸಿ’ ಎಂದು ದೂರದ ಕಂಪನಿ ಹೇಳಿದರೆ ನಂಬಿ ಕಳಿಸುವುದೇ ಪದ್ಧತಿ. 2017ರಲ್ಲಿ ಜರ್ಮನಿಯ ಕೆಲವರ ಬ್ಯಾಂಕ್ ಒಟಿಪಿಗಳು ಹೀಗೆಯೇ ಬೇರೆ ದಾರಿ ಹಿಡಿದು, ಖಾತೆಗಳು ಖಾಲಿಯಾದವು. ಕಂಪನಿಗಳ ನಡುವೆ ಮೆಸೇಜು ಸಾಗಿಸುವ ಅಮೆರಿಕದ ಸಿನಿವರ್ಸ್ ಸಂಸ್ಥೆ ವರ್ಷಕ್ಕೆ 74,000 ಕೋಟಿ ಮೆಸೇಜುಗಳನ್ನು ದಾಟಿಸುತ್ತಿತ್ತು, ಸೆಕೆಂಡಿಗೆ 23,000ಕ್ಕೂ ಹೆಚ್ಚು. 2016ರ ಮೇ ತಿಂಗಳಿನಿಂದ 2021ರ ಮೇ ತಿಂಗಳವರೆಗೆ ಅಲ್ಲಿ ಯಾರೋ ಅಪರಿಚಿತರು ಓಡಾಡಿಕೊಂಡಿದ್ದರು. ಅವರು ಮೆಸೇಜು ಓದಿದರೆಂದು ಸಂಸ್ಥೆ ಹೇಳಿಲ್ಲ. 235 ಗ್ರಾಹಕ ಕಂಪನಿಗಳ ಲಾಗಿನ್ ವಿವರ ಬಯಲಾದದ್ದನ್ನು ಮಾತ್ರ ಒಪ್ಪಿಕೊಂಡಿತು. ಐದು ವರ್ಷ!

ನಮ್ಮಲ್ಲಿ? ದೇಶದ ಮೊಬೈಲ್ ಸಂಪರ್ಕಗಳು 116 ಕೋಟಿ ದಾಟಿವೆ, ಅವಷ್ಟೂ ಕೂಡಿರುವುದು ನಾಲ್ಕೇ ದೊಡ್ಡ ಕಂಪನಿಗಳ ಕೋರ್‌ಗಳಲ್ಲಿ. 2024ರಲ್ಲಿ ಬಿಎಸ್‌ಎನ್‌ಎಲ್‌ನ 278 ಗಿಗಾಬೈಟ್ ಮಾಹಿತಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದಿಷ್ಟು: ಒಂದು ಫೈಲ್ ಸರ್ವರಿನಲ್ಲಿ ಅಂಥ ಮಾಹಿತಿ ಇದ್ದದ್ದು ನಿಜ, ಗ್ರಾಹಕರ ಮೂಲ ದಾಖಲೆಗೆ ಯಾರೂ ಕೈ ಹಾಕಿಲ್ಲ. ಇತ್ತ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರ ಕಂಡಿತು, ಸೆಕೆಂಡಿಗೆ ಸರಾಸರಿ ಏಳೂವರೆ ಸಾವಿರ. ಯುಪಿಐ ಆ್ಯಪ್ ಮೊದಲ ಸಲ ಹಾಕಿಕೊಂಡಾಗ ಅದು ನಿಮ್ಮ ಸಿಮ್ಮಿನಿಂದ ತಾನೇ ಒಂದು ಮೆಸೇಜು ಕಳಿಸಿ ‘ಇವರೇ ಅವರು’ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಮಲ್ಲೇಶ್ವರದ ಸೊಪ್ಪಿನ ಗಾಡಿಯ ಕ್ಯೂಆರ್ ಕೋಡ್ ಕೊನೆಗೂ ನಿಂತಿರುವುದು ಕೋರ್ ನೆಟ್‌ವರ್ಕಿನ ಆ ಒಂದು ‘ತಾಳೆಯಾಯಿತು’ ಎಂಬ ಮಾತಿನ ಮೇಲೆ.

5ಜಿ ಬಂದ ಮೇಲೆ ಕೆಲವು ಹಳೆಯ ತೂತುಗಳು ಮುಚ್ಚಿದವು. ಗ್ರಾಹಕರ ಗುರುತಿನ ಸಂಖ್ಯೆ ಈಗ ಗೂಢಲಿಪಿಯಲ್ಲೇ ಗಾಳಿಗೆ ಬರಬಲ್ಲದು, ಕಂಪನಿ ಕಂಪನಿಗಳ ನಡುವೆ ಕಾವಲುಗಾರನಿದ್ದಾನೆ. ಆದರೆ ಜೊತೆಗೇ ಕೋರ್‌ನ ಭಾಗಗಳು ಪರಸ್ಪರ ಮಾತಾಡುವ ಭಾಷೆ ವೆಬ್‌ಸೈಟುಗಳ ಭಾಷೆಯೇ ಆಗಿಬಿಟ್ಟಿದೆ. ಪ್ಲೆಕ್ಸ್ ಬಲ್ಲವರು ಜಗತ್ತಿನಲ್ಲಿ ವಿರಳವಾಗಿದ್ದರು. ಈ ಭಾಷೆ ಬಲ್ಲವರು ಬೆಂಗಳೂರಿನ ಒಂದೊಂದು ಬಡಾವಣೆಯಲ್ಲೂ ಸಿಗುತ್ತಾರೆ.

2025ರ ಜನವರಿಯಲ್ಲಿ ಫ್ಲಾರಿಡಾ ಮತ್ತು ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯಗಳ ಸಂಶೋಧಕರು ತಮ್ಮ ಪರೀಕ್ಷೆಯ ಫಲ ಹೊರಗಿಟ್ಟರು. ಓಪನ್5ಜಿಎಸ್, ಮ್ಯಾಗ್ಮಾ ಮುಂತಾದ ಏಳು ಎಲ್‌ಟಿಇ (4ಜಿ) ಕೋರ್‌ಗಳು ಮತ್ತು ಮೂರು 5ಜಿ ಕೋರ್‌ಗಳ ಮೇಲೆ, ಹೆಚ್ಚಿನವು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳೇ, ಅವರು ಬೇಕೆಂದೇ ಅಡ್ಡಾದಿಡ್ಡಿ ಪ್ಯಾಕೆಟ್ಟುಗಳನ್ನು ಎಸೆದು ನೋಡಿದ್ದರು. ಸಿಕ್ಕ ದೋಷಗಳು 119. ಹಲವನ್ನು ಕೆಣಕಲು ಸಿಮ್ ಕೂಡ ಬೇಡ. ಟವರಿನ ವ್ಯಾಪ್ತಿಯಲ್ಲಿ ನಿಂತು ಒಂದು ಸಣ್ಣ ಪ್ಯಾಕೆಟ್ ಕಳಿಸಿದರೆ ಹಾಜರಿ ಹಾಕುವ ಭಾಗ ಕುಸಿದು ಬೀಳುತ್ತದೆ, ಒಂದು ನಗರದಷ್ಟು ಗ್ರಾಹಕರಿಗೆ ಸಿಗ್ನಲ್ ಹೋಗುತ್ತದೆ. ಮತ್ತೆ ಎದ್ದು ನಿಂತಾಗ ಮತ್ತೊಂದು ಪ್ಯಾಕೆಟ್. ಸಂಶೋಧಕರು ದೋಷಗಳನ್ನು ತಯಾರಕರಿಗೆ ತಿಳಿಸಿದ್ದಾರೆ. ತೇಪೆ ಸಿಕ್ಕರೂ ಅದನ್ನು ಹಾಕುವುದು ಬೇರೆಯೇ ಕೆಲಸ. ಓಡುತ್ತಿರುವ ಕೋರ್‌ಗೆ ಕೈ ಹಾಕಬೇಕು, ತಪ್ಪಿದರೆ ಜಪಾನಿನ ಆ 15 ನಿಮಿಷ ಬಾಗಿಲಲ್ಲೇ ನಿಂತಿರುತ್ತದೆ. ಹಾಗಾಗಿ ಕಂಪನಿಗಳು ತಿಂಗಳುಗಟ್ಟಲೆ ಲ್ಯಾಬಿನಲ್ಲಿ ಪರೀಕ್ಷಿಸುತ್ತವೆ, ಮೊದಲು ಒಂದು ಸಣ್ಣ ಪ್ರದೇಶಕ್ಕೆ ಹಾಕಿ ನೋಡುತ್ತವೆ, ಆಮೇಲೆ ದೊಡ್ಡ ನಗರಗಳಿಗೆ ಬರುತ್ತವೆ. ಅಷ್ಟರವರೆಗೆ ದೋಷದ ವಿವರ ಮತ್ತು ದೋಷವಿರುವ ಕೋರ್ ಎರಡೂ ಏಕಕಾಲಕ್ಕೆ ಚಾಲ್ತಿಯಲ್ಲಿರುತ್ತವೆ.